ರೇಡಿಯೋ ನುಂಗಿದ ‘ಇಲ್ಲ’

ಬೆಳಗಿನ ಐದೂವರೆ. ಬಂದರಿನ ಗೋದಾಮಿನ ಮೇಲಿನ ಕಿರುಕೋಣೆಯಲ್ಲಿ ಕಿವಿಯಕ್ಕ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾರೆ. ಕುರ್ಚಿಯ ಒಂದು ಕೈ ಮುರಿದು ಆರು ತಿಂಗಳಾಯಿತು. ಕಿಟಕಿಗೆ ಗಾಜಿನ ಬದಲು ರಟ್ಟು. ಪರದೆಯ ಮೇಲೆ ಹನ್ನೆರಡು ಗೆರೆಗಳು ಓಡುತ್ತಿವೆ. ಒಂದು ತಟ್ಟನೆ ಮೇಲೇಳುತ್ತದೆ. “ಹೇಳಪ್ಪ, ಕೇಳಿಸ್ತಿದೆ,” ಎನ್ನುತ್ತಾರೆ.

ಹತ್ತೊಂಬತ್ತು ವರ್ಷಗಳಿಂದ ಅವರ ಕೆಲಸ ಇದೇ: ಸಮುದ್ರಕ್ಕಿಳಿದ ದೋಣಿಗಳ ಮಾತು ಕೇಳುವುದು, ಬರೆದುಕೊಳ್ಳುವುದು, ಕಷ್ಟವೆಂದರೆ ರಕ್ಷಣಾ ದೋಣಿ ಕಳಿಸುವುದು. ದಿನಕ್ಕೆ ನಾನೂರು ಕರೆ. ಮೊದಲು ಹನ್ನೆರಡು ಚಾನೆಲ್‌ಗೆ ಹನ್ನೆರಡು ಪೆಟ್ಟಿಗೆ, ನಾಲ್ಕು ಜನ ಇದ್ದರು. ಈಗ ಒಂದು ಕಂಪ್ಯೂಟರ್, ಒಬ್ಬ ಹೆಂಗಸು. ಸಾಫ್ಟ್‌ವೇರ್ ರೇಡಿಯೋ ಅಂತೆ. ಯಾವ ಚಾನೆಲ್‌ನಲ್ಲಿ ಸಿಗ್ನಲ್ ಜೋರಾಗಿ ಬರುತ್ತದೋ ಆ ಕಡೆಗೆ ಹೆಡ್‌ಫೋನ್ ತಾನೇ ತಿರುಗುತ್ತದೆ; ಸಿಗ್ನಲ್ ಕುಗ್ಗಿದೊಡನೆ ದೊಡ್ಡ ಹಡಗುಗಳ ಚಾನೆಲ್‌ಗೆ ಮರಳುತ್ತದೆ. ತಂದವರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ನಮ್ಮ ಮಾತಿನಲ್ಲಿ ‘ಇಲ್ಲ’ ಬರುವುದು ಕೊನೆಗೆ, ಬ್ಯಾಟರಿ ಸೊರಗಿದ ರೇಡಿಯೋದ ಸಿಗ್ನಲ್ ಅಷ್ಟರಲ್ಲಿ ಕುಗ್ಗಿರುತ್ತದೆ ಎಂಬುದು ಆ ಮಹಾಶಯರಿಗೆ ಹೊಳೆಯಲೇ ಇಲ್ಲ.

ಮೂರು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಅಣ್ಣತಮ್ಮಂದಿರಿಬ್ಬರ ಸಣ್ಣ ದೋಣಿಗೆ ನೀರು ನುಗ್ಗಿತು. ರೇಡಿಯೋ ಅಣ್ಣನ ಕೈಯಲ್ಲಿತ್ತು. ರಕ್ಷಣಾ ದೋಣಿ ಆಗಲೇ ಹೊರಟಿತ್ತು.

“ನೀರು ನುಗ್ಗೋದು ನಿಂತಿದ್ಯಾ ಅಂತ ಕೇಳ್ದೆ. ‘ನಿಂತಿ...’ ಅಂದ. ಅಷ್ಟೇ. ದೊಡ್ಡ ಹಡಗಿನವರ ಹರಟೆ ಶುರುವಾಯ್ತು. ಮತ್ತೆ ಕರೆದೆ, ಉತ್ತರ ಬರ್ಲಿಲ್ಲ. ‘ನಿಂತಿದೆ’ ಅಂತ ಬರ್ಕೊಂಡು ರಕ್ಷಣಾ ದೋಣಿ ವಾಪಸ್ ಕರೆಸ್ದೆ. ಅದು ನನ್ನ ತಪ್ಪೇ.”

ತಮ್ಮ ಹಲಗೆ ಹಿಡಿದು ಬದುಕಿದ. ಅಣ್ಣ ಬದುಕಲಿಲ್ಲ.

ವಿಚಾರಣೆಗೆ ಕೂತ ದೊಡ್ಡವರು ಏನು ಮಾಡಿದರು ಗೊತ್ತೇ? ಇವರನ್ನು ಕಿವಿ ಪರೀಕ್ಷೆಗೆ ಕಳಿಸಿದರು! ಕಿವಿ ಚೆನ್ನಾಗಿಯೇ ಇತ್ತು. ‘ಕಿವಿಯಕ್ಕ’ ಎಂಬ ಹೆಸರು ಮಾತ್ರ ಅಂಟಿಕೊಂಡಿತು. ಅಕ್ಕ ಸುಮ್ಮನಾಗಲಿಲ್ಲ. ಕಂಪ್ಯೂಟರ್ ಹನ್ನೆರಡೂ ಚಾನೆಲ್‌ಗಳನ್ನು ಬೇರೆಬೇರೆಯಾಗಿ ಧ್ವನಿಮುದ್ರಿಸಿಟ್ಟಿರುತ್ತದೆ. ಅದನ್ನು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಇವರು ಆ ದಿನದ್ದನ್ನು ಹುಡುಕಿ ತೆಗೆದರು. ಹೆಡ್‌ಫೋನ್ ಮುಖ ತಿರುಗಿಸಿದ ಮೇಲೂ ದೋಣಿಯವನು ಮಾತಾಡುತ್ತಲೇ ಇದ್ದ.

“ಸಣ್ಣಗೆ ಬಂತು. ‘ನಿಂತಿಲ್ಲ ಅಕ್ಕಾ, ನಿಂತಿಲ್ಲ.’ ಎರಡು ಸಲ ಹೇಳಿದ್ದ, ಪುಣ್ಯಾತ್ಮ.”

ಮಗಳ ಕಾಲೇಜು ಪುಸ್ತಕ ಓದಿ, ಅವಳ ಕೈಲಿ ಬೈಸಿಕೊಂಡು, ಅಕ್ಕ ಪ್ರೋಗ್ರಾಂನಲ್ಲಿ ಒಂದೇ ಒಂದು ಸಾಲು ಸೇರಿಸಿದರು: ಸಿಗ್ನಲ್ ಕುಗ್ಗಿದರೂ ಎರಡು ಸೆಕೆಂಡು ಕಾದು ಆಮೇಲೆ ತಿರುಗು. ಅಂದಿನಿಂದ ಯಾರ ಮಾತೂ ಅರ್ಧಕ್ಕೆ ನಿಂತಿಲ್ಲ.

ಈಗ ಕಚೇರಿಯಿಂದ ಆದೇಶ ಬಂದಿದೆ. ಹಡಗಿನವರಿಗೆ ಅಡಚಣೆಯಂತೆ, ಸೋಮವಾರದೊಳಗೆ ಆ ಸಾಲು ತೆಗೆಯಬೇಕಂತೆ. ಎರಡು ಸೆಕೆಂಡು ಕಾಯಲಾಗದವರು ಈ ಕಾಗದಕ್ಕೆ ಮೊಹರು ಒತ್ತಲು ಎರಡು ವಾರ ತೆಗೆದುಕೊಂಡಿದ್ದಾರೆ. ಇಂಥವರ ಕೈಗೆ ಜನರ ಜೀವ ಕೊಟ್ಟು ಕೂತಿದ್ದೇವಲ್ಲ ಎಂದು ನನ್ನ ಮೈ ಉರಿಯುತ್ತದೆ.

“ಮೇಲೆ ಬನ್ನಿ ಸ್ವಾಮಿ, ಒಂದ್ಸಲ ಅವನ ಆ ಮಾತು ಕೇಳಿ, ಆಮೇಲೆ ತೆಗೀತೀನಿ ಅಂದೆ. ಒಬ್ರೂ ಮೆಟ್ಟಿಲು ಹತ್ಲಿಲ್ಲ,” ಎನ್ನುತ್ತಾರೆ ಅಕ್ಕ.

ಸೋಮವಾರ ಏನು ಮಾಡುತ್ತೀರಿ ಎಂದು ಕೇಳಿದೆ.

“ತೆಗೆಯಲ್ಲ. ಕೆಲ್ಸದಿಂದ ತೆಗೀಲಿ ಬೇಕಾದ್ರೆ. ಆ ತಮ್ಮ ಈಗ್ಲೂ ದಿನಾ ಸಮುದ್ರಕ್ಕೆ ಹೋಗ್ತಾನೆ, ಅದೇ ಚಾನೆಲ್‌ನಲ್ಲಿ ಕರೀತಾನೆ. ಅವನು ‘ಇಲ್ಲ’ ಅಂದ್ರೆ ನಂಗೆ ಕೇಳಿಸ್ಬೇಕು.”