ಅಕ್ಕನ ಸ್ವೆಟರಿಗೆ ಬಿದ್ದ ಬೆಲ್ಲದ ಕಾಫಿ

ನಾನು ಚಿಕ್ಕವನಿದ್ದಾಗ ನಿಡಘಟ್ಟದ ನಮ್ಮ ಮನೆಯಲ್ಲಿ ಉಣ್ಣೆ ಅಂದರೆ ಕಂಬಳಿ, ಅಷ್ಟೇ. ಕೊಳೆಯಾದರೆ ಅಪ್ಪ ಅದನ್ನು ಕೆರೆಗೆ ಒಯ್ದು, ಕಾಲಲ್ಲಿ ತುಳಿದು, ಕಲ್ಲಿಗೆ ಬಡಿದು ತರುತ್ತಿದ್ದ. ಮೆತ್ತನೆಯ ಬಿಳಿ ಉಣ್ಣೆ ಕಂಡದ್ದು ಅಕ್ಕ ಮದ್ದೂರಿಗೆ ಹೆಣಿಗೆ ಕಲಿಯಲು ಹೋದಮೇಲೆ. ಅವಳು ಹೆಣೆದ ಕೂಸಿನ ಸ್ವೆಟರನ್ನು ಪರೀಕ್ಷೆಗೆ ಒಪ್ಪಿಸಬೇಕಿತ್ತು. ಪಾಸಾದರೆ ಅಲ್ಲೇ ಹೆಣಿಗೆ ಟೀಚರ್ ಕೆಲಸ. ಇಲ್ಲದಿದ್ದರೆ ಕಲಿತದ್ದು ಸಾಕು, ಮನೆಯಲ್ಲಿರು ಎಂದು ಅಜ್ಜಿ ಮೊದಲೇ ಹೇಳಿಬಿಟ್ಟಿದ್ದಳು.

ಪರೀಕ್ಷೆಯ ಬೆಳಿಗ್ಗೆ ಅಪ್ಪನಿಗೆ ಎಂಥ ಸಂಭ್ರಮ! ಒಂದು ಕೈಯಲ್ಲಿ ಬೆಲ್ಲದ ಕಾಫಿ, ಇನ್ನೊಂದರಲ್ಲಿ ಸ್ವೆಟರ್ ಎತ್ತಿ ಹಿಡಿದು ನೋಡುತ್ತಿದ್ದ. ಲೋಟ ವಾಲಿತು. ಅಯ್ಯೋ, ಸ್ವೆಟರಿನ ಎದೆಯ ಮೇಲೆ ಅಂಗೈಯಗಲ ಕಂದು ಕಲೆ!

ಗಾಬರಿಯಲ್ಲಿ ಅಪ್ಪ ಅದನ್ನು ಬಚ್ಚಲಿಗೆ ಒಯ್ದು, ಕಂಬಳಿಯಂತೆ ತುಳಿಯಲು ಪಂಚೆ ಎತ್ತಿ ಕಟ್ಟಿಯೇಬಿಟ್ಟ. ಅಕ್ಕ ಓಡಿಬಂದು ಕಿತ್ತುಕೊಂಡಳು.

"ತುಳೀಬ್ಯಾಡ ಕಣಪ್ಪೋ! ಕುಗ್ಗಿ ಗೊಂಬೆ ಅಂಗಿ ಆಗೋಯ್ತದೆ!"

"ನಂಗೇನವ್ವ ಗೊತ್ತು? ಉಣ್ಣೆ ತಾನೆ ಅನ್ಕಂಡೆ," ಎಂದ ಅಪ್ಪ.

ಅಜ್ಜಿ ತಲೆಸ್ನಾನಕ್ಕೆಂದು ನೆನೆಹಾಕಿದ್ದ ಅಂಟುವಾಳದ ನೊರೆಯನ್ನು ತಂದುಕೊಟ್ಟಳು. ಅಕ್ಕ ಅಳುತ್ತಲೇ ಕಲೆಗೆ ನೊರೆ ಹಚ್ಚಿ, ತಣ್ಣೀರಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತಿದಳು. ಉಜ್ಜಲಿಲ್ಲ, ಹಿಂಡಲಿಲ್ಲ. ಟವೆಲಿನಲ್ಲಿ ಸುತ್ತಿ ಅದುಮಿ, ಚಾಪೆಯ ಮೇಲೆ ಹರಡಿದಳು. ನನಗೋ ನಿಂತಲ್ಲಿ ನಿಲ್ಲಲಾಗದು. ಬೀಸಣಿಗೆ ಬೀಸುತ್ತೇನೆ, ರಸ್ತೆಗೆ ಓಡಿ ಬಸ್ಸು ಬಂತೇ ನೋಡುತ್ತೇನೆ, ಮತ್ತೆ ಓಡಿಬರುತ್ತೇನೆ. ಅಪ್ಪ ಅಂಗಳ ಸುತ್ತುತ್ತ "ಓಯ್ತಾ? ಓಯ್ತಾ?" ಅನ್ನುತ್ತಿದ್ದ. ಕಲೆ ಮಾಸಿತ್ತು, ಪೂರ್ತಿ ಹೋಗಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಅಕ್ಕ ಹಸಿ ಸ್ವೆಟರನ್ನೇ ಹಿಡಿದು ಹತ್ತಿದಳು.

ಅಪ್ಪ ಆ ದಿನ ಗದ್ದೆಗೆ ಹೋಗಲಿಲ್ಲ. ಮಧ್ಯಾಹ್ನದಿಂದ ರಸ್ತೆಯ ಬದಿಯಲ್ಲೇ ನಿಂತ. ಸಂಜೆ ಅಕ್ಕ ಇಳಿದಾಗ ಪಾಸಾದೆಯಾ ಎಂದು ಕೇಳಲು ಅವನಿಗೆ ಬಾಯಿಯೇ ಬರಲಿಲ್ಲ.

"ಕಲೆ ಕಾಣ್ತಾ?" ಎಂದ.

"ಒಸಿ ಕಾಣ್ತು. ನಮ್ಮಪ್ಪ ಖುಸೀಲಿ ಕಾಫಿ ಚೆಲ್ದ ಅಂದೆ. ಪಾಸಾದೆ ಕಣಪ್ಪ."

ಅಪ್ಪ ಬಸ್ಸಿನ ಅಷ್ಟು ಜನರ ಮುಂದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಈಗ ನಿಮ್ಮ ಸ್ವೆಟರಿಗೆ ಜ್ಯೂಸ್ ಬಿದ್ದರೆ ಡ್ರೈ ಕ್ಲೀನಿಂಗಿಗೆ ಹೋಗುತ್ತದೆ, ಇಲ್ಲವೇ ಹೊಸದು ಬರುತ್ತದೆ. ರಿಸಲ್ಟು ಫೋನಿಗೇ ಬರುತ್ತದೆ. ಸುಖವಾಗಿರಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ರಿಸಲ್ಟು ಬರುವ ದಿನ ನಿಮ್ಮಪ್ಪನ ಕಡೆ ಒಮ್ಮೆ ತಿರುಗಿ ನೋಡಿ, ಮಕ್ಕಳೇ. ಏನೂ ಆಗದವನಂತೆ ಪೇಪರ್ ಓದುತ್ತ ಕೂತಿರುತ್ತಾನೆ. ನನ್ನ ಮಗ ಅವನು, ನನಗೆ ಗೊತ್ತು: ಒಂದಕ್ಷರವೂ ಓದಿರುವುದಿಲ್ಲ.