ರಕ್ತ ನೋಡುವ ಚನ್ನಬಸವಯ್ಯ

ಹಾಸನದ ಆಸ್ಪತ್ರೆಯಲ್ಲಿ ರಕ್ತ ನೋಡುತ್ತಿದ್ದ ಚನ್ನಬಸವಯ್ಯನವರು, ಡಾಕ್ಟರೇ ತೋಳು ಚಾಚಿದರೂ ಮೊದಲು ಬಾಯಿ ತೆಗೆಸಿ ಗಂಟಲಲ್ಲಿ ಕೀವು ಇದೆಯಾ ಎಂದು ನೋಡುವವರು. ಬೆರಳ ಗಂಟುಗಳು ಊದಿಕೊಂಡು ನಾನು ಹೋದಾಗ ಕಾಲಿನ ಕುರು ಕಂಡುಬಿಟ್ಟರು. "ಕುರು ಇದ್ರೂ ಕೀಲುವಾತದಂಗೇ ಕೊಳವೇಲಿ ರಕ್ತದ ಕೆಂಪು ಬೇಗ ತಳಕ್ಕೆ ಇಳೀತದೆ, ಸುಳ್ಳು ಯೋಳ್ತದೆ ಕಣವ್ವ. ಪೆನ್ಸಿಲಿನ್ ಆಕುಸ್ಕಂಡು, ವಾಸಿಯಾದ್ಮೇಲೆ ಬಾ. ಇಲ್ದಿದ್ರೆ ಕೀಲುವಾತ ಅಂತ ಜನ್ಮಪೂರ್ತಿ ಮಾತ್ರೆ ನುಂಗುಸ್ತಾರೆ" ಎಂದು ಗದರಿ ಕಳಿಸಿದರು. ಕುರು ವಾಸಿಯಾದರೂ ಹೆದರಿಕೊಂಡು ನಾನು ಹೋಗಲಿಲ್ಲ. ಅವರೇ ಬಸ್ಸು ಹತ್ತಿ ನಮ್ಮೂರು ಶಾಂತಿಗ್ರಾಮಕ್ಕೆ ಬಂದರು. ನನ್ನ ರಕ್ತ ತುಂಬಿದ ಗಾಜಿನ ಕೊಳವೆಯನ್ನು ನಮ್ಮ ಜಗಲಿಯ ಮೇಲೆ ನೆಟ್ಟಗೆ ನಿಲ್ಲಿಸಿ, "ಯಾರೂ ಕುಣೀಬ್ಯಾಡ್ರಲಾ" ಎಂದು ಮಕ್ಕಳನ್ನು ಓಡಿಸಿ, ಒಂದು ಗಂಟೆ ಕಾವಲು ಕೂತರು. ಕೆಂಪು ಸರಸರನೆ ಇಳಿದಿತ್ತು. "ಈಗ ಯೋಳ್ತಿರೋದು ನಿಜ ಕಣವ್ವ" ಎಂದರು. ಹೊರಡುವ ಮುನ್ನ ಬಾವಿಯಿಂದ ನಮ್ಮ ಹಂಡೆ ತುಂಬ ನೀರು ಸೇದಿಟ್ಟರು.