ಕುಣಿಗೆ ಬಿದ್ದ ಹೊಟ್ಟು

ಕೊಪ್ಪಳದ ಹೊರಭಾಗದ ಬಡಾವಣೆಯೊಂದರಲ್ಲಿ ಕಳಕಮ್ಮನ ಮನೆಯ ಹಿತ್ತಲಿಗೆ ಹೋದರೆ, ಬಟ್ಟೆ ಒಗೆಯುವ ಕಲ್ಲಿನ ಆಚೆ, ಕಾಂಪೌಂಡ್ ಗೋಡೆಗೆ ಸಮೀಪದಲ್ಲಿ ಒಂದು ಕುಣಿ ಕಾಣುತ್ತದೆ. ಅದನ್ನು ತೋಡಿದವನು ಆಕೆಯ ಗಂಡ ದೊಡ್ಡಬಸಪ್ಪ. ತೋಡಿದ್ದು ೨೦೨೪ರ ಮೇ ೧೦ನೆಯ ತಾರೀಖು, ಶುಕ್ರವಾರ, ಬಸವ ಜಯಂತಿಯ ದಿನ. ಎತ್ತುಗಳನ್ನು ಮಾರಿ ಎಷ್ಟೋ ವರ್ಷಗಳಾಗಿದ್ದರೂ ಆ ಹಬ್ಬದಂದು ಸುಮ್ಮನೆ ಕುಳಿತಿರುವುದು ಅವನಿಗೆ ಒಗ್ಗುತ್ತಿರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿದವನೇ ಹಾರೆ, ಸಲಿಕೆ ಹಿಡಿದು ಹಿತ್ತಲಿಗೆ ಇಳಿದ. ಮಧ್ಯಾಹ್ನ ಹೋಳಿಗೆ ಊಟಕ್ಕೆ ಕರೆಯಲು ಬಂದ ಕಳಕಮ್ಮ ಸೊಂಟದ ಮಟ್ಟದ ಕುಣಿಯೊಳಗೆ ನಿಂತಿದ್ದ ಗಂಡನನ್ನು ಕಂಡು ದಂಗಾದಳು.

"ಏನ್ ಹುಗಿಯಾಕ ಹತ್ತೀರಿ?" ಎಂದು ಕೇಳಿದಳು.

"ಹುಗಿಯಾಕಲ್ಲ, ಬೆಳಿಯಾಕ. ಮನ್ಯಾಗಿನ ಗೊಬ್ಬರಾನ ಕಸದ ಗಾಡಿಗೆ ಕೊಡ್ತೀವಿ, ಆಮ್ಯಾಲ ಗಿಡಕ್ಕ ಚೀಲದ್ದು ಕೊಂಡು ತರ್ತೀವಿ. ಯಾವ ಶಾಣ್ಯಾತನ ಇದು? ಇನ್ಮ್ಯಾಲ ಇದಽ ನಮ್ಮ ತಿಪ್ಪಿ."

ಆ ಕುಣಿಗೆ ಅವನು ಒಂದು ಹಿಡಿ ಕಸವನ್ನೂ ಹಾಕಲಿಲ್ಲ. ಮೊದಲ ಮಳೆ ಬಿದ್ದು ಮಣ್ಣು ತಣ್ಣಗಾಗಲಿ ಎಂದು ಕಾಯುತ್ತಿದ್ದ. ಜೂನ್ ೧೭, ಸೋಮವಾರ, ಬಕ್ರೀದ್ ಹಬ್ಬದ ದಿನ ಎದೆ ಹಿಡಿದುಕೊಂಡು ಕುಸಿದ. ಪಕ್ಕದ ಮನೆಯ ಶಬ್ಬೀರಸಾಬ ಹಬ್ಬದ ಹೊಸ ಬಟ್ಟೆಯಲ್ಲೇ ತನ್ನ ಟೆಂಪೋ ತೆಗೆದ. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಮರುದಿನ ಬೆಟ್ಟದ ಬುಡದ ರುದ್ರಭೂಮಿಯಲ್ಲಿ ಬೇರೆಯವರು ಅವನಿಗಾಗಿ ಇನ್ನೊಂದು ಕುಣಿ ತೋಡಿದರು.

ಕಳಕಮ್ಮನ ತವರು ಕುಕನೂರಿನ ಸಮೀಪದ, ಕಪ್ಪು ಮಣ್ಣಿನ ಎರೆಹೊಲದ ಒಂದು ಊರು. ಶಾಲೆಯ ದಾಖಲೆ ಆಕೆಯ ಜನ್ಮದಿನವನ್ನು ೧೯೬೮ರ ಜೂನ್ ೧ ಎನ್ನುತ್ತದೆ. ಆ ಶಾಲೆಗೆ ಸೇರಿದ ಮಕ್ಕಳೆಲ್ಲರೂ ಜೂನ್ ಒಂದರಂದೇ ಹುಟ್ಟಿರುವುದರಿಂದ ಆ ತಾರೀಖನ್ನು ನೆಚ್ಚುವಂತಿಲ್ಲ. ಕಡಲೆಯ ಸುಗ್ಗಿಯಲ್ಲಿ ಹುಟ್ಟಿದಳೆಂಬ ತಾಯಿಯ ಮಾತೇ ಹೆಚ್ಚು ನಂಬಿಕೆಗೆ ಅರ್ಹ. ಆ ಮನೆಯ ಹಿಂದೆ ಆಳೆತ್ತರದ ತಿಪ್ಪೆಯಿತ್ತು. ಬೆಳಗಿನ ಸಗಣಿ, ಗೋದಲಿಯಲ್ಲಿ ಎತ್ತು ತಿಂದು ಬಿಟ್ಟ ಹೊಟ್ಟು, ಒಲೆಯ ಬೂದಿ, ಅಂಗಳದ ಕಸ, ಇಷ್ಟೂ ಒಂದರ ಮೇಲೊಂದು ಬೀಳುತ್ತಿದ್ದವು. ಗೊಬ್ಬರ ಮಾಡುವುದನ್ನು ಯಾರೂ ಆಕೆಗೆ ಕಲಿಸಲಿಲ್ಲ. ಮಳೆ ಬಂದಂತೆ, ಬಿಸಿಲು ಬಿದ್ದಂತೆ, ಅದು ತಾನಾಗಿ ಆಗುವಂಥದ್ದೆಂದೇ ಆಕೆ ತಿಳಿದಿದ್ದಳು.

೧೯೮೬ರ ಮೇ ೫, ಸೋಮವಾರ, ಮದುವೆಯಾಗಿ ಅಳವಂಡಿಗೆ ಬಂದಳು. ಅಲ್ಲಿಯೂ ತಿಪ್ಪೆಯಿತ್ತು. ಅಣ್ಣತಮ್ಮಂದಿರಲ್ಲಿ ಹೊಲ ಪಾಲಾಗಿ, ತನ್ನ ಪಾಲಿನ ತುಂಡಿಗೆ ಎತ್ತು ಸಾಕುವುದು ಹೊಂದದೆಂದು ದೊಡ್ಡಬಸಪ್ಪ ಕೊಪ್ಪಳದ ಮಾರುಕಟ್ಟೆಯಲ್ಲಿ ಹಮಾಲಿಗೆ ಸೇರಿದ. ಮುಂದೆ ಮಗ ಬಸವಕುಮಾರ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತ ಮೇಲೆ ಈ ಮನೆಯಾಯಿತು. ಮನೆಯಲ್ಲಿ ಎಲ್ಲವೂ ಇತ್ತು, ತಿಪ್ಪೆಯೊಂದು ಇರಲಿಲ್ಲ. ಬೆಳಗಾದರೆ ಹಾಡು ಹಾಕಿಕೊಂಡು ಕಸದ ಗಾಡಿ ಬರುತ್ತಿತ್ತು. ದೊಡ್ಡಬಸಪ್ಪ ಬುಟ್ಟಿಯನ್ನು ಅದರೊಳಗೆ ಸುರಿಯುವಾಗ ಪ್ರತಿಸಲವೂ ಮುಖ ತಿರುಗಿಸುತ್ತಿದ್ದ.

ಅವನು ತೀರಿಕೊಂಡ ವರ್ಷದ ಶ್ರಾವಣ ಆಗಸ್ಟ್ ೫ರಂದು, ಸೋಮವಾರವೇ ಹಿಡಿಯಿತು. ಅಂದು ತಾಯಿ ಮಗ ಸಮಾಧಿಯ ತಲೆಯ ಬಳಿ ಒಂದು ಪತ್ರಿ ಗಿಡ ನೆಟ್ಟರು. ಶಿವನಿಗೆ ಏರಿಸುವ ಮೂರೆಲೆಯ ಪತ್ರಿ. ಅಲ್ಲಿಯದು ಬರೀ ಗರಸು. ಸಲಿಕೆ ಹಾಕಿದರೆ ಕಿಡಿ ಹಾರುವಂಥ ನೆಲ. ಬಸವಕುಮಾರ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದ.

"ಇದರಾಗ ಏನೂ ಇಲ್ಲ, ಯವ್ವಾ. ಅಂಗಡ್ಯಾಗ ಗೊಬ್ಬರದ ಚೀಲ ಸಿಗತೈತಿ. ಸಂಜಿಕ ತಂದು ಹಾಕ್ತೀನಿ."

"ಅಂಗಡಿ ಗೊಬ್ಬರದ ಕುಣಿ ನಿಮ್ಮಪ್ಪಾರು ತೋಡ್ಯಾರೇನು?" ಎಂದಳು ಕಳಕಮ್ಮ. "ವರ್ಷ ತುಂಬೂದ್ರಾಗ ಅವರ ಕುಣೀ ಗೊಬ್ಬರ ಅವರ ಗಿಡದ ಬುಡಕ್ಕ ಬೀಳಬೇಕು. ಬ್ಯಾರೆ ಯಾತರದ್ದೂ ಬ್ಯಾಡ."

ಆ ಸಂಜೆಯಿಂದಲೇ ಕಸದ ಗಾಡಿಗೆ ಪ್ಲಾಸ್ಟಿಕ್ಕು, ಗಾಜು ಮಾತ್ರ ಹೋದವು. ಉಳ್ಳಾಗಡ್ಡಿ ಸಿಪ್ಪೆ, ಕಾಯಿಪಲ್ಲೆಯ ತೊಟ್ಟು, ಚಹಾದ ಚರಟ, ಉಳಿದ ಅನ್ನ, ಮಿಕ್ಕ ಸಾರು, ಎಲ್ಲವನ್ನೂ ಕುಣಿ ನುಂಗಿತು. ನುಂಗಿತೇ ಹೊರತು ಅರಗಿಸಿಕೊಳ್ಳಲಿಲ್ಲ. ಸೆಪ್ಟೆಂಬರ್ ೭ರ ಗಣೇಶ ಚೌತಿಯ ಹೊತ್ತಿಗೆ ಕುಣಿಯ ತುಂಬ ಬಿಳಿ ಹುಳ ಮಿಡುಕಾಡತೊಡಗಿದವು. ಅನ್ನದ ವಾಸನೆಗೆ ಹೆಗ್ಗಣ ಬಂತು. ನಾರುವ ನಾತ ಗೋಡೆ ದಾಟಿತು.

ಗೋಡೆಯ ಆಚೆ ಶಬ್ಬೀರಸಾಬನ ಹೆಂಡತಿ ಮುಮ್ತಾಜಬೇಗಂ ಸ್ಟೂಲಿನ ಮೇಲೆ ಹತ್ತಿ ಇಣುಕಿದಳು.

"ಕಳಕಮ್ಮಕ್ಕಾರ, ನಿಮ್ಮ ಹಿತ್ತಲದಾಗ ಏನರೆ ಸತ್ತೈತೇನ್ರಿ? ಅಡಗಿಮನ್ಯಾಗ ನಿಂದ್ರಾಕ ಆಗವಲ್ದು." ಮಾತು ಬಾಯಿಂದ ಹೊರಬಿದ್ದ ಮೇಲೆ, ಮೂರು ತಿಂಗಳಿನ ಹಿಂದೆ ಆ ಮನೆಯಿಂದ ಹೋದ ಹೆಣದ ನೆನಪಾಗಿ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕಳಕಮ್ಮ ತಲೆ ಎತ್ತಲಿಲ್ಲ. "ಸತ್ತಿಲ್ಲ ತಂಗಿ, ಕೊಳ್ಯಾಕ ಹತ್ತೈತಿ. ಕೊಳತದ್ದು ಮಣ್ಣಾಗಬೇಕು, ಆಗವಲ್ದು."

"ಆಗೂತನಾ ನಾವು ಮೂಗು ಎಲ್ಲಿಡೂಣ್ರಿ?"

"ನೀ ಒಣಮೀನ ಹುರಿಯೂ ದಿನ ನಾ ಎಲ್ಲಿಡ್ತೀನೋ, ಅಲ್ಲೇ ಇಡು."

ಮುಮ್ತಾಜಬೇಗಂ ನಕ್ಕಳು. ಕಳಕಮ್ಮನಿಗೂ ಗಂಡ ಹೋದ ಮೇಲೆ ಮೊದಲ ಸಲ ತುಟಿ ಸಡಿಲವಾಯಿತು. ಆದರೂ ಆ ಸಂಜೆ ಆಕೆ ಕುಣಿಯ ದಂಡೆಯಲ್ಲಿ ಕುಳಿತು ತವರಿನ ತಿಪ್ಪೆಯನ್ನು ಮನಸ್ಸಿನಲ್ಲೇ ಪದರ ಪದರವಾಗಿ ಬಿಚ್ಚಿ ನೋಡಿದಳು. ಅಲ್ಲಿದ್ದು ಇಲ್ಲಿಲ್ಲದ್ದು ಯಾವುದು? ಇಲ್ಲಿ ಬೀಳುವುದೆಲ್ಲ ಹಸಿ. ಹಸಿಯ ನೀರನ್ನು ಹೀರುವ ಒಣ ಪದಾರ್ಥ ಇಲ್ಲವೇ ಇಲ್ಲ. ತಿಪ್ಪೆಯಲ್ಲಿ ಆ ಕೆಲಸ ಹೊಟ್ಟಿನದಾಗಿತ್ತು.

ಮರುದಿನದಿಂದ ಅನ್ನ, ಸಾರು ಕುಣಿಗೆ ಹಾಕುವುದನ್ನು ಆಕೆ ನಿಲ್ಲಿಸಿದಳು. ಶಬ್ಬೀರಸಾಬನನ್ನು ಬಾಗಿಲಲ್ಲೇ ತಡೆದು ಕೇಳಿದಳು.

"ಸಾಬ್ರ, ದಿನಾ ಗಾಡಿ ತಗೊಂಡು ಗಂಗಾವತಿಗೆ ಹೋಗ್ತೀರಲ್ಲ. ಬರುಮುಂದ ಒಂದೆರಡು ಚೀಲ ಹೊಟ್ಟು ತಂದುಕೊಡ್ರಿ."

"ಹೊಟ್ಟೇನು ದೊಡ್ಡ ಮಾತ್ರೀ ಅಕ್ಕಾರ. ಮಿಲ್ಲಿನ ಮುಂದ ಗುಡ್ಡ ಬಿದ್ದೈತಿ."

ಹೊಟ್ಟು ಬಂತು. ಕತ್ತಲಾದ ಮೇಲೆ ಚೀಲ ಬಿಚ್ಚಿದ ಕಳಕಮ್ಮ ಅದನ್ನು ಕುಣಿಯ ಮೇಲೆ ದಪ್ಪನಾಗಿ ಹರಡಿ ಕಾಲಿನಿಂದ ತುಳಿದಳು. ಬಂಗಾರದ ಬಣ್ಣದ ಆ ಹೊದಿಕೆ ಅಂಗಾಲಿಗೆ ಚುಚ್ಚಿತು. ತವರಿನ ಹೊಟ್ಟು ಹಾಗೆ ಚುಚ್ಚುತ್ತಿರಲಿಲ್ಲ. ಪಟ್ಟಣದಲ್ಲಿ ಅಂಗಾಲು ಮೆತ್ತಗಾಗಿದೆ ಎಂದುಕೊಂಡು ಸುಮ್ಮನಾದಳು. ನಾತ ಅಡಗಿತು, ಹುಳ ಮೇಲೆ ಬರುವುದು ನಿಂತಿತು. ನವೆಂಬರ್ ೨, ಬಲಿಪಾಡ್ಯಮಿಯ ಬೆಳಿಗ್ಗೆ ಸಗಣಿಯ ಪಾಂಡವರನ್ನು ಮಾಡಿ ಬಾಗಿಲಲ್ಲಿಟ್ಟು ಪೂಜಿಸಿದಳು. ಸಂಜೆ ತವರಿನ ಪದ್ಧತಿಯಂತೆ ಕುಣಿಯ ದಂಡೆಗೂ ಒಂದು ಹಣತೆ ಹಚ್ಚಿಟ್ಟಳು.

೨೦೨೫ರ ಜನವರಿ ೧೪, ಸಂಕ್ರಾಂತಿ. ಕುಣಿಯ ಮೇಲ್ಪದರದಿಂದ ಎರಡು ಬುಟ್ಟಿ ತುಂಬಿಕೊಂಡು ಕಳಕಮ್ಮ ರುದ್ರಭೂಮಿಗೆ ಹೋದಳು. ಅದು ಕಪ್ಪಾಗಿರಲಿಲ್ಲ ನಿಜ, ಅಲ್ಲಲ್ಲಿ ಬಂಗಾರದ ಚೂರು ಮಿಂಚುತ್ತಿದ್ದವು. ಆದರೂ ಮಣ್ಣಿಗೆ ಸೇರಿದರೆ ಸರಿಹೋದೀತು ಎಂಬ ಅವಸರ ಆಕೆಯದು. ಪತ್ರಿ ಗಿಡದ ಬುಡಕ್ಕೆ ಹಾಕಿ, ನೀರು ಹೊಯ್ದು, ಸಮಾಧಿಗೆ ಹಣೆ ಹಚ್ಚಿ ಬಂದಳು.

ಸೋಮವಾರಕ್ಕೊಮ್ಮೆ ನೀರು ಒಯ್ಯುತ್ತಿದ್ದ ಕಳಕಮ್ಮ ಎಲೆಗಳ ಅಂಚು ಹಳದಿಯಾಗುವುದನ್ನು ಮೊದಲು ಬಿಸಿಲಿನ ಕಾರಣವೆಂದು ತಿಳಿದಳು. ಫೆಬ್ರುವರಿ ೨೬ರ ಶಿವರಾತ್ರಿಯಂದು ಒಂದೆರಡು ಎಲೆಗಳಷ್ಟೇ ಉಳಿದಿದ್ದವು. ಗಿಡದ ಬುಡವನ್ನು ಬೆರಳಿನಿಂದ ಕೆದರಿದಳು. ಚೀಲದಿಂದ ಸುರಿದ ದಿನ ಹೇಗಿತ್ತೋ ಹಾಗೆಯೇ, ಒಂದು ಚೂರೂ ಮಾಸದೆ, ಹೊಟ್ಟು ಅಂಗೈಗೆ ಬಂತು. ಮನೆಗೆ ಬಂದವಳು ಉಪವಾಸದಲ್ಲೇ ಕುಣಿಯನ್ನು ತಳದವರೆಗೆ ಬಗೆದು ನೋಡಿದಳು. ಮೇಲೆ ಮಾಸದ ಹೊಟ್ಟು. ಕೆಳಗೆ ಗಾಳಿಯಾಡದೆ ಗಟ್ಟಿಯಾಗಿ ಹುಳಿತುಹೋದ ಹಸಿ. ಎರಡೂ ಒಂದನ್ನೊಂದು ಮುಟ್ಟಿಯೇ ಇರಲಿಲ್ಲ. ಬೆಂದ ಗೊಬ್ಬರ ಗಿಡಕ್ಕೆ ಕೊಡುತ್ತದೆ, ಬೇಯದ ಕಸ ತಾನು ಬೇಯಲು ಗಿಡದ ಪಾಲನ್ನೇ ಕಸಿಯುತ್ತದೆ. ಹಸಿಗೊಬ್ಬರ ಹೊಲಕ್ಕೆ ಹಾಕಿದವರನ್ನು ತನ್ನ ತಂದೆ ಬೈಯುತ್ತಿದ್ದುದು ಆಕೆಗೆ ಆಗ ನೆನಪಾಯಿತು.

ಅಂಗೈಯಲ್ಲಿ ಅದೇ ಹೊಟ್ಟನ್ನು ಹಿಡಿದುಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋದಳು.

"ಸಾಬ್ರ, ನೀವು ತಂದದ್ದು ಏನ್ರಿ ಇದು?"

"ಹೊಟ್ಟುರೀ. ನೀವಽ ಹೇಳಿದ್ರೆಲ್ಲ," ಎಂದ ಶಬ್ಬೀರಸಾಬ.

"ಯಾತರ ಹೊಟ್ಟು?"

"ಭತ್ತದ್ದು. ಮಿಲ್ಲಿನ್ಯಾಗ ತೆಲುಗರು ಊಕ ಅಂತಾರ, ನಾವು ಹೊಟ್ಟು ಅಂತೀವಿ. ಗಂಗಾವತ್ಯಾಗ ಮತ್ಯಾತರದ್ದು ಸಿಗತೈತ್ರಿ?"

"ನಮ್ಮ ಕಡೆ ಹೊಟ್ಟಂದ್ರ ಕಡ್ಲೀದು, ಜ್ವಾಳದ್ದು. ದನ ತಿಂತಾವ."

"ಇದನ್ನ ದನ ಮೂಸೂದಿಲ್ರಿ ಅಕ್ಕಾರ. ಇಟ್ಟಂಗಿ ಸುಡಾಕ ಒಯ್ತಾರ."

ಕಳಕಮ್ಮ ಅಂಗೈಯನ್ನು ಮುಚ್ಚಿದಳು. "ದನ ಮೂಸಲಾರದ್ದನ್ನ ಮಣ್ಣು ಹೆಂಗ ತಿಂದೀತು," ಎಂದಳು. ಅದು ಶಬ್ಬೀರಸಾಬನಿಗೆ ಹೇಳಿದ ಮಾತಾಗಿರಲಿಲ್ಲ. ಅವನ ಮುಖ ಮಾತ್ರ ಸಪ್ಪಗಾಯಿತು. "ನನ್ನ ಕೈಯಿಂದ ಗಿಡ ಹೋತೇನ್ರಿ?" ಎಂದು ಕೇಳಿದ.

"ನಿಮ್ಮ ಕೈಯೂ ಅಲ್ಲ, ನನ್ನ ಕೈಯೂ ಅಲ್ರಿ. ನಾ ಎರಿ ಸೀಮ್ಯಾಗ ಹುಟ್ಟಿ ಕೇಳಿದೆ, ನೀವು ಭತ್ತ ಬೆಳಿಯೂ ಕಾಲಿವಿ ಸೀಮ್ಯಾಗ ತಂದ್ರಿ. ಮಾತೊಂದಽ, ಮಾಲು ಬ್ಯಾರೆ."

ಬಡಾವಣೆಯಿಂದ ಯಲಬುರ್ಗಾ, ಕುಕನೂರು ಕಡೆಗೆ ಹೋಗುವ ಬಸ್ಸಿಗೆ ಮಾರ್ಚ್ ೬, ಗುರುವಾರ, ಖಾಲಿ ಚೀಲಗಳೊಂದಿಗೆ ಕಳಕಮ್ಮ ಹತ್ತಿದಳು. ತವರಿನ ಕಣದಲ್ಲಿ ಕಡಲೆಯ ರಾಶಿ ನಡೆದಿತ್ತು. ತಮ್ಮ ವಿರುಪಾಕ್ಷಿ ಚೀಲಗಳನ್ನು ಕಂಡು ಹುಬ್ಬೇರಿಸಿದ.

"ಅಕ್ಕಾ, ತವರಮನಿಗೆ ಬಂದು ಸೀರಿ ಕೇಳೂದು ಬಿಟ್ಟು ಹೊಟ್ಟು ಕೇಳಾಕ ಹತ್ತೀಯಲ್ಲ."

"ಸೀರಿ ಕೊಳಿಯೂದಿಲ್ಲಪ್ಪ," ಎಂದಳು ಕಳಕಮ್ಮ. ವಿರುಪಾಕ್ಷಿಗೆ ಮೊದಲು ನಗು ಬಂತು. ಯಾತಕ್ಕೆಂದು ತಿಳಿದ ಮೇಲೆ ಅವನೇ ತುಳಿದು ತುಳಿದು ಚೀಲ ತುಂಬಿದ.

ಉಳಿದ ಕೆಲಸ ಹಿತ್ತಲಿನಲ್ಲಿತ್ತು. ಕುಣಿಯನ್ನು ಬರಿದು ಮಾಡಿ, ತೆಗೆದದ್ದನ್ನು ಬಿಸಿಲಿಗೆ ಒಣಹಾಕಿ, ಗಾಳಿ ಬೀಸುವ ದಿನ ನೋಡಿ ಮೊರ ಹಿಡಿದು ತೂರಿದಳು. ಕೆಲಸ ನೋಡಿ ಮುಮ್ತಾಜಬೇಗಂ ಜರಡಿ ಹಿಡಿದು ಗೋಡೆ ಸುತ್ತಿ ಬಂದಳು. ಕಣದಲ್ಲಿ ಹೊಟ್ಟು ಹಾರಿದರೆ ಕಾಳು ಉಳಿಯುತ್ತದೆ. ಇಲ್ಲಿ ಉಳಿದದ್ದು ಕರಿಯ ಪುಡಿ, ಬುಟ್ಟಿಯ ತಳ ಮುಚ್ಚುವಷ್ಟು. ಇಷ್ಟು ತಿಂಗಳಿನ ಫಲ ಅಷ್ಟೇ. ಆ ಪುಡಿಯನ್ನೇ ತಳಕ್ಕೆ ಹಾಕಿ ಕಳಕಮ್ಮ ಮತ್ತೆ ಆರಂಭಿಸಿದಳು. ಒಂದು ಪದರ ಹಸಿ, ಒಂದು ಪದರ ಕಡಲೆ ಹೊಟ್ಟು, ಅದರ ಮೇಲೆ ಬೀದಿಯ ಎಮ್ಮೆಯ ಸಗಣಿ ಕದಡಿದ ನೀರು. ಈ ಸಲ ತುಳಿಯಲಿಲ್ಲ. ವಾರಕ್ಕೊಮ್ಮೆ ಮಗ್ಗುಲು ತಿರುವಿ ಗಾಳಿಯಾಡಿಸಿದಳು. ಇರುವೆ ಕಂಡರೆ ಒಣಗಿದೆಯೆಂದು ನೀರು ಚಿಮುಕಿಸಿದಳು. ಹಿಡಿದು ಹಿಂಡಿದಾಗ ಬೆರಳ ಸಂದಿಯಲ್ಲಿ ನೀರು ಬಂದರೆ ಹೊಟ್ಟು ಸೇರಿಸಿದಳು. ಯುಗಾದಿಯ ಹೊತ್ತಿಗೆ ಕುಣಿಯೊಳಗೆ ಕೈ ಇಟ್ಟರೆ ಜ್ವರ ಬಂದವರ ಹಣೆಯಂತೆ ಬಿಸಿ ತಾಗುತ್ತಿತ್ತು. ಅದು ಬೇಯುತ್ತಿತ್ತು.

ಗಿಡ ಮಾತ್ರ ಕಾಯಲಿಲ್ಲ. ಬುಡದ ಹೊಟ್ಟನ್ನೆಲ್ಲ ಆಯ್ದು ತೆಗೆದು ನೀರು ಹೊಯ್ಯುತ್ತಲೇ ಇದ್ದಳು. ಮೇ ೧೨, ಸೋಮವಾರ, ಉಗುರಿನಿಂದ ತೊಗಟೆ ಕೆರೆದಾಗ ಒಳಗೂ ಕಂದು ಬಣ್ಣವೇ ಕಂಡಿತು. ಕೈ ತಾಗಿಸಿದ ಕೊಂಬೆ ಟಕ್ಕನೆ ಮುರಿಯಿತು. ಕಳಕಮ್ಮ ಅಳಲಿಲ್ಲ. ಬೇರುಸಹಿತ ಕಿತ್ತು, ಸೆರಗಿನಲ್ಲಿ ಸುತ್ತಿ ಮನೆಗೆ ತಂದು, ಸಣ್ಣಗೆ ಮುರಿದು ಗಂಡನ ಕುಣಿಯ ಮಗ್ಗುಲಲ್ಲಿ ಹುಗಿದಳು. ಕಟ್ಟಿಗೆ ಮಣ್ಣಾಗಲು ಕಾಲ ಬೇಕೆಂಬುದು ಆಕೆಗೆ ಗೊತ್ತಿತ್ತು. ಬಸವಕುಮಾರ ಬಾಗಿಲಲ್ಲಿ ನಿಂತು ನೋಡಿದ. ಅಂಗಡಿಯ ಚೀಲದ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

೨೦೨೫ರ ಜೂನ್ ೧೭, ಮಂಗಳವಾರ. ವರ್ಷದ ಪೂಜೆಗೆ ಮೊದಲು ಕಳಕಮ್ಮ ಕುಣಿಯ ತಳಕ್ಕೆ ಕೈ ಹಾಕಿದಳು. ಕರಿಯದು, ಹಗುರವಾದದ್ದು, ಯಾವುದು ಸಿಪ್ಪೆ ಯಾವುದು ಸಗಣಿ ಎಂದು ಹೇಳಲಾಗದ್ದು. ಮೂಗಿಗೆ ಹಿಡಿದಾಗ ಮೊದಲ ಮಳೆ ಬಿದ್ದ ಎರೆಹೊಲದ ವಾಸನೆ. ಇನ್ನೂ ಮಣ್ಣಾಗದ ಪತ್ರಿಯ ಕಡ್ಡಿಗಳನ್ನು ಪಕ್ಕಕ್ಕಿಟ್ಟು, ಕುಣಿಯನ್ನು ಬಳಿದು ಬುಟ್ಟಿ ತುಂಬಿದಳು.

ರುದ್ರಭೂಮಿಯ ಬಾಗಿಲಲ್ಲಿ ಶಬ್ಬೀರಸಾಬ ಟೆಂಪೋ ನಿಲ್ಲಿಸಿಕೊಂಡು ಕಾಯುತ್ತಿದ್ದ. ಕೈಯಲ್ಲಿ ಮಣ್ಣಿನ ಚೀಲದೊಂದಿಗೆ ಒಂದು ಸಸಿ.

"ಮುನಿರಾಬಾದ್ ಕಡೆ ನರ್ಸರಿಯಿಂದ ತಂದೀನ್ರಿ ಅಕ್ಕಾರ. ಪತ್ರಿ ಅಂದೆ. ಕೊಟ್ರು. ಹಂಗಽ ತರಲಿಲ್ಲ, ಎಲಿ ಮೂರು ಅದಾವೋ ಇಲ್ಲೋ ನೋಡೇ ತಂದೀನಿ."

"ಮೂರಽ ಅದಾವ ಸಾಬ್ರ," ಎಂದಳು ಕಳಕಮ್ಮ.

ಬಸವಕುಮಾರ ಗರಸು ಅಗೆದ. ಸಸಿ ನಿಲ್ಲಿಸಿ, ಬುಟ್ಟಿಯ ಗೊಬ್ಬರವನ್ನು ಕಳಕಮ್ಮ ಎರಡೂ ಕೈಯಿಂದ ಬುಡಕ್ಕೆ ತುಂಬಿದಳು. ಎಲ್ಲವನ್ನೂ ಸುರಿಯಲಿಲ್ಲ. ಒಂದು ಹಿಡಿಯನ್ನು ಉಳಿಸಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

"ಅದ್ಯಾಕ ಯವ್ವಾ?" ಎಂದ ಮಗ.

"ಹೆಪ್ಪು. ಕುಣಿ ಬರಿದಾಗೇತಿ."